ಬೆರಕೆ ಫ್ಯಾನಿನ ವಂಶಾವಳಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳೆಯ ಮನೆಯೊಂದರ ಅಟ್ಟ ಹತ್ತಿದಿರಿ ಎನ್ನಿ. ಹಿಡಿ ಕಳಚಿದ ಲಾಂದ್ರ, ಮಸಿ ಹಿಡಿದ ಹಂಡೆ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ನಡುವೆ ಒಂದು ಮೇಜಿನ ಫ್ಯಾನು ಕೈಗೆ ಸಿಕ್ಕಿತು. ಎಲೆಗಳು ಹಿತ್ತಾಳೆಯವು, ಜಾಲರಿ ಉಕ್ಕಿನದು, ಬುಡ ಎರಕದ ಕಬ್ಬಿಣದ್ದು. ಹೆಸರಿನ ಪಟ್ಟಿ ಇಂಗ್ಲೆಂಡಿನ ಕಂಪನಿಯದು, ಸ್ವಿಚ್ಚು ಮಾತ್ರ ನಿನ್ನೆ ಮೊನ್ನೆ ಪೇಟೆಯಿಂದ ತಂದಂತಿದೆ. ಗುಜರಿಯವನಿಗೆ ಇದರಲ್ಲಿ ಕಾಣುವುದು ಎರಡೇ: ಇಷ್ಟು ಹಿತ್ತಾಳೆ, ಇಷ್ಟು ಕಬ್ಬಿಣ. ಹಳೆಯ ವಸ್ತುಗಳ ವ್ಯಾಪಾರಿಯೋ ಮೂಗು ಮುರಿದು ‘ಇದು ಬೆರಕೆ’ ಎನ್ನುತ್ತಾನೆ. ಇಬ್ಬರೂ ಹೇಳದ ಸಂಗತಿಯೊಂದಿದೆ. ಆ ಬೆರಕೆಯಲ್ಲೇ ಈ ಫ್ಯಾನಿನ ಚರಿತ್ರೆ ಅಡಗಿದೆ.

ವಿದ್ಯುತ್ ಫ್ಯಾನಿನ ವಯಸ್ಸು ಬಹಳವೇನಲ್ಲ. 1882ರ ಸುಮಾರಿಗೆ ಅಮೆರಿಕದ ಸ್ಕೈಲರ್ ವೀಲರ್ ಎರಡು ಎಲೆಗಳ ಮೇಜಿನ ಫ್ಯಾನನ್ನು ರೂಪಿಸಿದ. ಅದಕ್ಕೆ ಜಾಲರಿಯೇ ಇರಲಿಲ್ಲ. ಅದೇ ದಶಕದಲ್ಲಿ ಫಿಲಿಪ್ ಡೀಲ್ ಎಂಬಾತ ಹೊಲಿಗೆ ಯಂತ್ರದ ಮೋಟಾರನ್ನು ಮಾಡಿಗೆ ತೂಗುಹಾಕಿ ಸೀಲಿಂಗ್ ಫ್ಯಾನಿಗೆ ದಾರಿ ಮಾಡಿದ. ನಮ್ಮ ದೇಶದಲ್ಲಿ ಕಲ್ಕತ್ತದ ವಿದ್ಯುತ್ ಕಂಪನಿ 1899ರಲ್ಲಿ ಪೂರೈಕೆ ಆರಂಭಿಸಿತು. ದೊರೆಗಳ ಕಚೇರಿಗಳಲ್ಲಿ ಹಗ್ಗ ಹಿಡಿದು ಪಂಖ ಎಳೆಯುತ್ತಿದ್ದ ಕೂಲಿಗಳ ಕೆಲಸಕ್ಕೆ ಅಲ್ಲಿಂದ ಸಂಚಕಾರ ಬಂತು. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿದವು.

ಉತ್ತರ ಕನ್ನಡದ ಕಥೆಯೇ ಬೇರೆ. ಜಿಲ್ಲೆ 1956ರ ನವೆಂಬರ್ 1ರವರೆಗೂ ಮುಂಬಯಿಯ ಆಡಳಿತದಲ್ಲಿತ್ತು. ಜೋಗದ ಜಲಪಾತದ ಒಂದು ದಡ ಸಿದ್ದಾಪುರ ತಾಲೂಕಿನದು, ಇನ್ನೊಂದು ದಡ ಮೈಸೂರಿನ ಸಾಗರ ತಾಲೂಕಿನದು. ಜಲಪಾತದ ಕೆಳಗಿನ ಕಣಿವೆಯಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. ಎಲ್ಲ ಯಂತ್ರಗಳೂ ಸೇರಿದಾಗ ಅದರ ಸಾಮರ್ಥ್ಯ 120 ಮೆಗಾವಾಟ್. ಅದಕ್ಕೆ ಮುಂಚೆ ಬೇಸಿಗೆಯ ಸೆಕೆಗೆ ಇಲ್ಲಿ ಉಪಾಯವೆಂದರೆ ಅಡಿಕೆ ಹಾಳೆಯ ಬೀಸಣಿಗೆ. ತಂತಿ ಬಂದ ಮೇಲೂ ಅದು ಎಲ್ಲ ಮನೆಗೂ ಒಂದೇ ದಿನ ಬರಲಿಲ್ಲ.

ಇದರಿಂದ ಒಂದು ಮುಖ್ಯ ಪಾಠ ಸಿಗುತ್ತದೆ. ಫ್ಯಾನು ತಯಾರಾದ ವರ್ಷ ಬೇರೆ, ಅದು ಈ ಊರಿಗೆ ಬಂದ ವರ್ಷ ಬೇರೆ. 1920ರ ದಶಕದ ಫ್ಯಾನು ಮುಂಬಯಿಯಲ್ಲೋ ಹುಬ್ಬಳ್ಳಿಯಲ್ಲೋ ಅರ್ಧ ಆಯುಷ್ಯ ಕಳೆದು, ಎರಡನೆಯ ಕೈಯಾಗಿ ಘಟ್ಟದ ಮನೆಗೆ ಬಂದಿರಬಹುದು. ಹಾಗೆ ಬಂದ ಯಂತ್ರಕ್ಕೆ ಬಿಡಿಭಾಗ ಎಲ್ಲಿಂದ ಸಿಗಬೇಕು? ಸಿಕ್ಕಿದ್ದನ್ನು ಕೂಡಿಸಿ ಓಡಿಸಿದರು. ಬೆರಕೆ ಹುಟ್ಟಿದ್ದು ಮೋಸದಿಂದಲ್ಲ, ಅಗತ್ಯದಿಂದ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಮೊದಲು ಹೆಸರಿನ ಪಟ್ಟಿ ಓದಬೇಕು. ಕಂಪನಿಯ ಹೆಸರೇ ಒಂದು ಪಂಚಾಂಗ. ಉದಾಹರಣೆಗೆ ಕ್ರಾಂಪ್ಟನ್ ಪಾರ್ಕಿನ್ಸನ್ ಎಂದಿದ್ದರೆ ಅದು 1927ಕ್ಕಿಂತ ಹಳೆಯದಲ್ಲ, ಏಕೆಂದರೆ ಎರಡು ಕಂಪನಿಗಳು ಕೂಡಿದ್ದು ಆ ವರ್ಷ. ಕ್ರಾಂಪ್ಟನ್ ಗ್ರೀವ್ಸ್ ಎಂಬ ಹೆಸರು ಬಂದದ್ದು 1966ರಲ್ಲಿ. ಪಟ್ಟಿಯಲ್ಲಿ ‘ಸೈಕಲ್ಸ್’ ಎಂದಿದೆಯೆ, ‘ಹರ್ಟ್ಸ್’ ಎಂದಿದೆಯೆ ನೋಡಿ. ಹರ್ಟ್ಸ್ ಎಂಬ ಮಾನ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ನೆಲೆಗೊಂಡದ್ದು 1960ರಲ್ಲಿ, ಬಳಕೆಗೆ ಬಂದದ್ದು ಇನ್ನೂ ನಿಧಾನವಾಗಿ. ಐಎಸ್‌ಐ ಗುರುತು ಇದ್ದರೆ ಅದು 1952ರ ಕಾಯ್ದೆಯ ಅನಂತರದ್ದು. ಆದರೆ ಪಟ್ಟಿಯನ್ನು ಹಿಡಿದಿರುವುದು ಎರಡೇ ಸ್ಕ್ರೂ. ಅದು ಇನ್ನೊಂದು ಫ್ಯಾನಿನಿಂದ ಬಂದಿರಲೂಬಹುದು. ಆದ್ದರಿಂದ ಪಟ್ಟಿಯದು ಒಂದು ಸಾಕ್ಷಿ ಮಾತ್ರ, ತೀರ್ಪಲ್ಲ.

ಹೆಚ್ಚು ನಂಬಿಕೆಗೆ ಅರ್ಹವಾದ ಸಾಕ್ಷಿ ಸ್ಕ್ರೂಗಳ ಎಳೆ. ಬ್ರಿಟಿಷ್ ಯಂತ್ರಗಳಲ್ಲಿ ದೊಡ್ಡ ಸ್ಕ್ರೂಗಳಿಗೆ ವಿಟ್‌ವರ್ತ್ ಎಳೆ, ಅದರ ಕೋನ 55 ಡಿಗ್ರಿ. ಸಣ್ಣವಕ್ಕೆ ಬಿ.ಎ. ಎಂಬ ಎಳೆ, ಕೋನ ನಲವತ್ತೇಳೂವರೆ ಡಿಗ್ರಿ. ಅಮೆರಿಕದ ಎಳೆಗೂ ಮೆಟ್ರಿಕ್ ಎಳೆಗೂ 60 ಡಿಗ್ರಿ. ನಮ್ಮ ದೇಶ ಮೆಟ್ರಿಕ್ ಪದ್ಧತಿಯ ಕಾಯ್ದೆ ಮಾಡಿದ್ದು 1956ರಲ್ಲಿ. ಬಿ.ಎ. ಎಳೆಯ ರಂಧ್ರಕ್ಕೆ ಮೆಟ್ರಿಕ್ ಸ್ಕ್ರೂವನ್ನು ಒತ್ತಿ ತಿರುಗಿಸಿದ್ದರೆ, ಯಾರೋ ಆ ಬದಲಾವಣೆಯ ಕಾಲದ ಮೇಲೆ ದುರಸ್ತಿ ಮಾಡಿದ್ದಾರೆ ಎಂದರ್ಥ.

ಇನ್ನು ಎಲೆಗಳು. ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಅದು ಹಿತ್ತಾಳೆಯ ಲೇಪವಿರುವ ಉಕ್ಕು, ಅಂಟದಿದ್ದರೆ ನಿಜವಾದ ಹಿತ್ತಾಳೆ ಇರಬಹುದು. ಎಲೆಯ ತಿರುಚು ಮೋಟಾರು ತಿರುಗುವ ದಿಕ್ಕಿಗೆ ಹೊಂದದಿದ್ದರೆ ಗಾಳಿ ಮುಂದೆ ಬರುವ ಬದಲು ಹಿಂದಕ್ಕೆ ಹೋಗುತ್ತದೆ. ಬೇರೆ ಫ್ಯಾನಿನ ಎಲೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಎಲೆಯ ಓರೆ ಹೆಚ್ಚಾದರೆ ಮೋಟಾರಿನ ಮೇಲೆ ಭಾರ ಹೆಚ್ಚಿ ವೇಗ ತಗ್ಗುತ್ತದೆ, ಸುರುಳಿ ಬಿಸಿಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮೋಟಾರಿನ ಜಾತಿ. ಸಿಕ್ಕಿದ ಕೂಡಲೇ ಪ್ಲಗ್ಗಿಗೆ ಚುಚ್ಚುವ ಉತ್ಸಾಹ ಬೇಡ. ಹಿಂದಿನ ಮುಚ್ಚಳ ತೆಗೆದಾಗ ಇಂಗಾಲದ ಬ್ರಷ್ಷುಗಳೂ ತಾಮ್ರದ ಪಟ್ಟಿಗಳ ಉರುಳೆಯೂ ಕಂಡರೆ ಅದು ಡಿ.ಸಿ. ಫ್ಯಾನು ಆಗಿರಬಹುದು, ಅಥವಾ ಎರಡೂ ಬಗೆಯ ವಿದ್ಯುತ್ತಿಗೆ ಓಡುವಂಥದು. ಕಲ್ಕತ್ತದ ಕೆಲವು ಭಾಗಗಳಲ್ಲಿ ಡಿ.ಸಿ. ಪೂರೈಕೆ ದಶಕಗಳ ಕಾಲ ಇತ್ತು. ರೈಲಿನ ಡಬ್ಬಿಗಳ ಹಳೆಯ ಫ್ಯಾನುಗಳೂ ಡಿ.ಸಿ.ಯವೇ. ಅಂಥದನ್ನು ಈಗಿನ 230 ವೋಲ್ಟಿನ ಎ.ಸಿ.ಗೆ ಜೋಡಿಸಿದರೆ ಬಹುಪಾಲು ಸುಟ್ಟೇ ಹೋಗುತ್ತದೆ. ಎ.ಸಿ.ಯಲ್ಲೂ ಭೇದವಿತ್ತು. ಶಿವನಸಮುದ್ರದ ವಿದ್ಯುತ್ತು ಮೊದಲು 25 ಸೈಕಲ್ಲಿನದು, ಈಗಿನದು 50. ನಾಲ್ಕು ಧ್ರುವಗಳ ಮೋಟಾರಿನ ಕಾಂತಕ್ಷೇತ್ರ 25 ಸೈಕಲ್ಲಿನಲ್ಲಿ ನಿಮಿಷಕ್ಕೆ 750 ಸುತ್ತು ಹಾಕಿದರೆ 50ರಲ್ಲಿ 1500 ಸುತ್ತು ಹಾಕುತ್ತದೆ. ಆದುದರಿಂದ ಒಂದು ಊರಿನಲ್ಲಿ ಚೆನ್ನಾಗಿ ಓಡಿದ ಫ್ಯಾನು ಇನ್ನೊಂದು ಊರಿನಲ್ಲಿ ಹಟ ಹಿಡಿದರೆ ಆಶ್ಚರ್ಯವಿಲ್ಲ.

ಮಲೆನಾಡಿನ ಮಳೆಗಾಲ ಕಂಡ ಯಂತ್ರಕ್ಕೆ ಇನ್ನೊಂದು ಕಾಯಿಲೆಯಿದೆ. ರಬ್ಬರಿನ ಮೇಲೆ ಹತ್ತಿಬಟ್ಟೆ ಸುತ್ತಿದ ಹಳೆಯ ತಂತಿ ಪುಡಿಪುಡಿಯಾಗಿರುತ್ತದೆ, ಸುರುಳಿ ತೇವ ಹೀರಿರುತ್ತದೆ. ಸುರುಳಿಯನ್ನು ಬಲ್ಬಿನ ಹದವಾದ ಕಾವಿನಲ್ಲಿ ಕೆಲವು ದಿನ ಒಣಗಿಸಿ, ಬಲ್ಲವರಿಂದ ಮೆಗ್ಗರ್ ಹಿಡಿಸಿ, ಸುರುಳಿಗೂ ಮೈಗೂ ನಡುವಿನ ತಡೆ ಸಾಕಷ್ಟಿದೆಯೆ ಎಂದು ಖಚಿತ ಮಾಡಿಕೊಳ್ಳಬೇಕು. ತಂತಿ ಹೊಸದೇ ಆಗಬೇಕು, ಮೂರು ಎಳೆಯದು. ಮೂರನೆಯ ಎಳೆ ಲೋಹದ ಮೈಗೆ ಅರ್ಥಿಂಗ್ ಆಗಬೇಕು. ಇದರಲ್ಲಿ ಹಳತಿನ ಮೋಹ ಸಲ್ಲದು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿರುವುದರಿಂದ ಒಣ ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸಬಾರದು. ಅಗಲ ಸಂದಿಯ ಹಳೆಯ ಜಾಲರಿ ಮಕ್ಕಳ ಬೆರಳನ್ನು ತಡೆಯುವುದಿಲ್ಲ ಎಂಬುದೂ ನೆನಪಿರಲಿ.

ಕೊನೆಗೆ ಉಳಿಯುವ ಪ್ರಶ್ನೆ: ಹೊಂದದ ಭಾಗಗಳನ್ನು ಕಿತ್ತೊಗೆದು ‘ಅಸಲಿ’ ಮಾಡಬೇಕೆ? ಹಳೆಯ ಕಟ್ಟಡಗಳ ರಕ್ಷಣೆಗೆಂದು 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಒಂದು ಒಳ್ಳೆಯ ಸೂತ್ರ ಕೊಡುತ್ತದೆ. ಕಳೆದ ಭಾಗಕ್ಕೆ ಬದಲಿ ಹಾಕುವಾಗ ಅದು ಒಟ್ಟು ರೂಪಕ್ಕೆ ಹೊಂದಬೇಕು, ಆದರೆ ಮೂಲದ್ದೆಂದು ಮೋಸ ಮಾಡಬಾರದು. ಫ್ಯಾನಿಗೂ ಇದೇ ಸಾಕು. ಅಪಾಯಕಾರಿಯಾದದ್ದನ್ನು ಬದಲಿಸಿ, ಮೋಟಾರಿಗೆ ಭಾರವಾಗುವ ಎಲೆಯನ್ನು ತೆಗೆದಿಡಿ, ಉಳಿದದ್ದನ್ನು ಹಾಗೆಯೇ ಬಿಡಿ. ತೆಗೆದ ಒಂದೊಂದು ಚೂರನ್ನೂ ಚೀಟಿ ಕಟ್ಟಿ ಡಬ್ಬಿಯಲ್ಲಿಡಿ. ಮಾರುವುದಾದರೆ ಬೆರಕೆ ಎಂದು ಹೇಳಿಯೇ ಮಾರಿ. ಹೊಸ ಹಿತ್ತಾಳೆ ಪಟ್ಟಿ ಅಂಟಿಸಿ ‘ನೂರು ವರ್ಷದ್ದು’ ಎಂದರೆ ಮಾತ್ರ ಬೆರಕೆ ಸುಳ್ಳಾಗುತ್ತದೆ.

ಅಡಿಕೆ ತೋಟ ಇರುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಸತ್ತ ಮರದ ಜಾಗದಲ್ಲಿ ಸಸಿ ನೆಡುತ್ತಾರೆ. ಅಜ್ಜ ನೆಟ್ಟ ಮರ ಒಂದೊಂದಾಗಿ ಹೋಗುತ್ತದೆ, ಮೊಮ್ಮಗನ ಸಸಿ ಎದ್ದು ನಿಲ್ಲುತ್ತದೆ. ಆದರೂ ಅದು ಅಜ್ಜನ ತೋಟವೇ. ಅಟ್ಟದ ಫ್ಯಾನನ್ನು ತಕ್ಕಡಿಗೆ ಹಾಕುವ ಮುನ್ನ ಅದರ ಸ್ಕ್ರೂಗಳನ್ನೊಮ್ಮೆ ನೋಡಿ. ಅದನ್ನು ಓಡಿಸಿಕೊಂಡು ಬಂದವರ ಕೈಗುರುತು ಅಲ್ಲಿದೆ.