ಅಸಲಿ ಪಚ್ಚೆ, ನಕಲಿ ಪಚ್ಚೆ

ತಿಂಗಳಿಗೆ ಒಂದೆರಡು ಸಲವಾದರೂ ನನ್ನ ಫೋನಿಗೆ ಒಂದು ಹಸಿರು ಕಾರ್ಟ್ರಿಜ್‌ನ ಫೋಟೊ ಬರುತ್ತದೆ. ಕಳಿಸುವವರು ಪುಣೆಯ ನಮ್ಮ ಕನ್ನಡ ಬಳಗದವರು, ಇಲ್ಲವೇ ಅವರ ಗೆಳೆಯರ ಗೆಳೆಯರು. ಹಿಂಜವಡಿಯಲ್ಲೋ ಗಚ್ಚಿಬೌಲಿಯಲ್ಲೋ ಕೆಲಸ, ವಯಸ್ಸು ಮೂವತ್ತರ ಆಜೂಬಾಜು. ಹೆಚ್ಚಿನವರು ಹುಡುಗರಾಗಿದ್ದಾಗ ಸೈಬರ್ ಕೆಫೆಯಲ್ಲಿ ಎಮ್ಯುಲೇಟರ್ ಹಾಕಿಕೊಂಡು ಆಡಿದವರು. ಈಗ ಕೈಯಲ್ಲಿ ಸಂಬಳವಿದೆ, ಅದೇ ಆಟದ ನಿಜವಾದ ಕಾರ್ಟ್ರಿಜ್ ಬೇಕು ಅನ್ನಿಸಿದೆ. ಪ್ರಶ್ನೆ ಒಂದೇ: ‘ಆನ್‌ಲೈನ್‌ನಲ್ಲಿ ಸಿಕ್ತು, ತಗೊಳ್ಲಾ?’

ಆ ಕಾರ್ಟ್ರಿಜ್ ಪೊಕೆಮಾನ್ ಎಮರಾಲ್ಡ್, ಅಂದರೆ ಪಚ್ಚೆ. ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಯಂತ್ರಕ್ಕಾಗಿ 2004ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಆಟ. ಅಸಲಿಗೆ ಇವತ್ತು ಸಾವಿರಾರು ರೂಪಾಯಿ ಬೆಲೆ. ಫೋಟೊದಲ್ಲಿರುವುದಕ್ಕೆ ಬಹುತೇಕ ಎಂಟುನೂರೋ ಸಾವಿರವೋ. ಬೆಲೆ ನೋಡಿಯೇ ಉತ್ತರ ಹೇಳಬಹುದು, ಆದರೆ ಬೆಲೆ ಹೆಚ್ಚಿಟ್ಟು ಖೋಟಾ ಮಾರುವವರೂ ಇದ್ದಾರೆ. ಹಾಗಾಗಿ ನಾನು ಯಾವಾಗಲೂ ಒಂದೇ ಮಾತು ಬರೆಯುತ್ತೇನೆ: ಕೆಳಗಿನ ಅಂಚಿನ ಫೋಟೊ ಕೇಳು. ಅಲ್ಲೇ ಯಾಕೆ ನೋಡಬೇಕು ಎನ್ನುವುದಕ್ಕೆ ನಲವತ್ತು ವರ್ಷಗಳ ಕಥೆಯಿದೆ.

ಕಥೆ ಕ್ಯೋಟೊದಲ್ಲಿ ಶುರುವಾಗುತ್ತದೆ. 1889ರಲ್ಲಿ ಇಸ್ಪೀಟಿನಂಥ ಹನಫುದ ಎಲೆಗಳನ್ನು ಮಾಡಲು ಹುಟ್ಟಿದ ನಿಂಟೆಂಡೊ ಕಂಪನಿ, 1980ರಲ್ಲಿ ಗೇಮ್ ಆ್ಯಂಡ್ ವಾಚ್ ಎಂಬ ಅಂಗೈಯಗಲದ ಆಟವನ್ನು ಮಾರುಕಟ್ಟೆಗೆ ತಂದಿತು. ರೂಪಿಸಿದವರು ಗುನ್‌ಪೇ ಯೊಕೊಯಿ. ರೈಲಿನಲ್ಲಿ ಯಾರೋ ಹೊತ್ತು ಹೋಗದೆ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಾ ಕೂತಿದ್ದನ್ನು ನೋಡಿ ಅವರಿಗೆ ಇದು ಹೊಳೆಯಿತು ಎನ್ನುವುದು ಪ್ರಚಲಿತ ಕಥೆ. ಹೊಸ ದುಬಾರಿ ತಂತ್ರಜ್ಞಾನದ ಹಿಂದೆ ಓಡಬೇಡಿ, ಹಳತಾಗಿ ಅಗ್ಗವಾದದ್ದನ್ನೇ ಬೇರೆ ರೀತಿಯಲ್ಲಿ ಬಳಸಿ ಎನ್ನುವುದು ಯೊಕೊಯಿ ಅವರ ನಂಬಿಕೆ. ಕ್ಯಾಲ್ಕುಲೇಟರಿನ ಪರದೆ, ಕ್ಯಾಲ್ಕುಲೇಟರಿನ ಚಿಪ್ಪು, ಗಡಿಯಾರದ ಬ್ಯಾಟರಿ. ಒಟ್ಟು 4.34 ಕೋಟಿ ಮಾರಾಟವಾದವು. ಆದರೆ ಅಗ್ಗದ, ಎಲ್ಲರಿಗೂ ಪರಿಚಯವಿದ್ದ ಬಿಡಿಭಾಗಗಳಿಂದ ಮಾಡಿದ ವಸ್ತುವನ್ನು ನಕಲು ಮಾಡುವುದೂ ಅಗ್ಗವೇ. ಆ ಜಾಣ್ಮೆಯ ಬೆನ್ನಿಗೇ ನಕಲೂ ಹುಟ್ಟಿತು ಎಂದು ನನಗೆ ಅನ್ನಿಸುತ್ತದೆ.

ಅಂಥ ನಕಲುಗಳಲ್ಲಿ ಬಹಳ ಹೆಸರಾದದ್ದು ಮಾಡಿದವರು ಯಾವುದೋ ಗಲ್ಲಿಯ ಕಳ್ಳರಲ್ಲ, ಒಂದು ಮಹಾಶಕ್ತಿಯ ಸರ್ಕಾರಿ ಕಾರ್ಖಾನೆಗಳು. ನಿಂಟೆಂಡೊದ 1981ರ ಒಂದು ಆಟದಲ್ಲಿ ನಾಲ್ಕು ಇಳಿಜಾರುಗಳಿಂದ ಉರುಳುವ ಮೊಟ್ಟೆಗಳನ್ನು ಮಿಕ್ಕಿ ಮೌಸ್ ಹಿಡಿಯಬೇಕು. ಸೋವಿಯತ್ ಒಕ್ಕೂಟದ ‘ಎಲೆಕ್ಟ್ರೋನಿಕಾ’ ಅದೇ ಆಟವನ್ನು ಚಿಪ್ಪು ಸಮೇತ ನಕಲಿಸಿತು. ಮಿಕ್ಕಿಯನ್ನು ತೆಗೆದು ತಮ್ಮ ಕಾರ್ಟೂನಿನ ತೋಳವನ್ನು ನಿಲ್ಲಿಸಿ, ಆ ಕಾರ್ಟೂನಿನ ಹೆಸರನ್ನೇ ಇಟ್ಟಿತು: ‘ನೂ, ಪಗದೀ!’ ನಮ್ಮ ಹುಬ್ಬಳ್ಳಿ ಭಾಷೆಯಲ್ಲಿ ಹೇಳುವುದಾದರೆ, ‘ತಡಿ, ನಿನಗ ಐತಿ!’ ಸಾವಿರ ಅಂಕ ತಲುಪಿದರೆ ಆ ಪುಟ್ಟ ಪರದೆಯಲ್ಲಿ ಇಡೀ ಕಾರ್ಟೂನು ಕಾಣಿಸುತ್ತದೆ ಎಂದು ಅಲ್ಲಿನ ಮಕ್ಕಳು ನಂಬಿದ್ದರು. ಕಾಣಿಸುತ್ತಿರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಗುರುತಿಸಬೇಕು. ಆ ತೋಳದ ಆಟವನ್ನು ಕೊಂಡ ಮಾಸ್ಕೋದ ಅಪ್ಪನಿಗೆ ತಾನು ನಿಂಟೆಂಡೊ ಕೊಂಡೆ ಎಂಬ ಭ್ರಮೆ ಇರಲಿಲ್ಲ. ಕದ್ದದ್ದು ಕ್ಯೋಟೊದವರಿಂದ ಹೌದು, ಆದರೆ ಕೊಂಡವನಿಗೆ ಮೋಸವಾಗಲಿಲ್ಲ. ಕನ್ನಡದಲ್ಲಿ ನಮಗೆ ಎರಡು ಪದಗಳಿವೆ, ನಕಲು ಮತ್ತು ಖೋಟಾ. ಪರೀಕ್ಷೆಯಲ್ಲಿ ಪಕ್ಕದವನದ್ದು ನೋಡಿ ಬರೆಯುವುದು ನಕಲು. ನೋಟು ಆದರೆ ಖೋಟಾ. ತೋಳದ ಆಟ ನಕಲು. ನನಗೆ ಫೋಟೊದಲ್ಲಿ ಬರುವುದು ಖೋಟಾ.

ಅದೇ ಮಾಸ್ಕೋದಿಂದ ಒಂದು ಆಟ ಎದುರು ದಿಕ್ಕಿನಲ್ಲೂ ಹೋಯಿತು. 1984ರಲ್ಲಿ ಅಲೆಕ್ಸಿ ಪಾಜಿತ್ನೊವ್ ಟೆಟ್ರಿಸ್ ಬರೆದದ್ದು ಎಲೆಕ್ಟ್ರೋನಿಕಾ 60 ಎಂಬ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರೂ ಒಂದು ಅಮೆರಿಕನ್ ಯಂತ್ರದ ನಕಲೇ! 1989ರಲ್ಲಿ ಹೆಂಕ್ ರೋಜರ್ಸ್ ಮಾಸ್ಕೋಗೆ ಹೋಗಿ ಸೋವಿಯತ್ ಅಧಿಕಾರಿಗಳ ಜೊತೆ ಕೂತು ಕೈಯಂತ್ರದ ಹಕ್ಕು ಪಡೆದರು. ಅದೇ ವರ್ಷ ಏಪ್ರಿಲ್ 21ರಂದು ಜಪಾನಿನಲ್ಲಿ ಯೊಕೊಯಿ ಅವರ ತಂಡದ ಗೇಮ್ ಬಾಯ್ ಬಂತು, ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋದಾಗ ಟೆಟ್ರಿಸ್ ಅದರ ಡಬ್ಬಿಯಲ್ಲೇ ಇತ್ತು.

ಗೇಮ್ ಬಾಯ್‌ನಲ್ಲಿ ಆಟ ಯಂತ್ರದೊಳಗೇ ಇರುವುದಿಲ್ಲ, ಬೇರೆ ಕಾರ್ಟ್ರಿಜ್‌ನಲ್ಲಿರುತ್ತದೆ. ಹಾಗಾದರೆ ಯಾರು ಬೇಕಾದರೂ ಕಾರ್ಟ್ರಿಜ್ ಮಾಡಿ ಮಾರಬಹುದಲ್ಲ? ಅದನ್ನು ತಡೆಯಲು ನಿಂಟೆಂಡೊ ಒಂದು ಬೀಗ ಹಾಕಿತು. ಸ್ವಿಚ್ ಹಾಕಿದಾಗ ಕಂಪನಿಯ ಹೆಸರು ಮೇಲಿನಿಂದ ನಿಧಾನವಾಗಿ ಇಳಿದು ಬಂದು ‘ಟಿಂಗ್’ ಎನ್ನುತ್ತದೆ. ಅದು ಅಲಂಕಾರವಲ್ಲ. ಆ ಹೆಸರಿನ ಚಿತ್ರ 48 ಬೈಟ್‌ಗಳಲ್ಲಿ ಕಾರ್ಟ್ರಿಜ್‌ನೊಳಗಿರುತ್ತದೆ. ಯಂತ್ರ ಅದನ್ನು ಓದಿ, ತನ್ನೊಳಗಿರುವ ಪ್ರತಿಯೊಂದಿಗೆ ಹೋಲಿಸುತ್ತದೆ. ಒಂದು ಬಿಟ್ ತಪ್ಪಿದರೂ ಆಟ ಶುರುವಾಗುವುದಿಲ್ಲ. (ಕಾರ್ಟ್ರಿಜ್‌ಗೆ ಧೂಳು ಹಿಡಿದಾಗ ಹೆಸರಿನ ಜಾಗದಲ್ಲಿ ಕಪ್ಪು ಪಟ್ಟಿ ಬಂದು ಯಂತ್ರ ಸುಮ್ಮನಾಗುವುದು, ಆಗ ನಾವು ಊದುವುದು, ಎಲ್ಲ ಇದೇ ಕಾರಣಕ್ಕೆ.) ಲೆಕ್ಕಾಚಾರ ವಕೀಲರದ್ದು: ಆಟ ನಡೆಯಬೇಕಾದರೆ ನಮ್ಮ ಹೆಸರನ್ನು ನೀವು ಒಳಗಿಡಲೇಬೇಕು, ಇಟ್ಟರೆ ಟ್ರೇಡ್‌ಮಾರ್ಕ್ ಕದ್ದಿರಿ ಎಂದು ಕೋರ್ಟಿಗೆ ಎಳೆಯುತ್ತೇವೆ. ಸೆಗಾ ಕಂಪನಿ ಇಂಥದ್ದೇ ಉಪಾಯ ಮಾಡಿದ್ದ ಮೊಕದ್ದಮೆಯಲ್ಲಿ 1992ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಈ ತರ್ಕವನ್ನು ಒಪ್ಪಲಿಲ್ಲ.

ಬ್ರಿಟನ್ನಿನ ಆರ್ಗೊನಾಟ್ ಎಂಬ ಸಣ್ಣ ಕಂಪನಿಯ ಹುಡುಗರು ಈ ಬೀಗದ ಸಂದು ಕಂಡುಹಿಡಿದರು. ಯಂತ್ರ ಚಿತ್ರವನ್ನು ಎರಡು ಸಲ ಓದುತ್ತದೆ, ಒಮ್ಮೆ ತೋರಿಸಲು, ಇನ್ನೊಮ್ಮೆ ಹೋಲಿಸಲು. ಮೊದಲ ಸಲ ತಮ್ಮ ಹೆಸರು, ಎರಡನೇ ಸಲ ನಿಂಟೆಂಡೊ ಹೆಸರು ಸಿಗುವಂತೆ ಕಾಸಿನ ಬೆಲೆಯ ಬಿಡಿಭಾಗಗಳಿಂದ ಮಾಡಿಬಿಟ್ಟರು. ನಿಂಟೆಂಡೊ ಅವರ ಮೇಲೆ ಕೇಸು ಹಾಕಲಿಲ್ಲ, ಕ್ಯೋಟೊಗೆ ಕರೆಸಿ ಕೆಲಸ ಕೊಟ್ಟಿತು. 1993ರ ಸ್ಟಾರ್ ಫಾಕ್ಸ್ ಹುಟ್ಟಿದ್ದು ಆ ನಂಟಿನಿಂದ.

ಈಗ ಯೋಚಿಸಿ: ಈ ಬೀಗ ತಡೆಯುವುದು ಯಾರನ್ನು? ಹೊಸದಾಗಿ ತನ್ನದೇ ಆಟ ಬರೆದು, ಅನುಮತಿ ಪಡೆಯದೆ ಮಾರುವವನನ್ನು. ಇರುವ ಆಟವನ್ನೇ ಇಡಿಯಾಗಿ ನಕಲಿಸುವ ಖೋಟಾದವನಿಗೆ ಆ 48 ಬೈಟ್‌ಗಳೂ ಆಟದ ಜೊತೆಗೇ ಪುಕ್ಕಟೆ ಬರುತ್ತವೆ. ಹೇಗೂ ಸ್ಟಿಕರಿನ ಮೇಲೆ ನಿಂಟೆಂಡೊ ಎಂದು ಅಚ್ಚು ಹಾಕುವವನು ಟ್ರೇಡ್‌ಮಾರ್ಕಿಗೆ ಹೆದರಿಯಾನೇ? ಹಾಗಾಗಿ ಆನ್‌ಲೈನ್‌ನಲ್ಲಿ ಮಾರುವವರು ಆಟ ಶುರುವಾಗುವ ವಿಡಿಯೊ ಕಳಿಸಿ ‘ನೋಡಿ ಸರ್, ಒರಿಜಿನಲ್’ ಎಂದರೆ ನಂಬಬೇಡಿ. ಶುರುವಾಗುವುದು ಯಾವುದಕ್ಕೂ ಸಾಕ್ಷಿಯಲ್ಲ.

ನಮ್ಮ ಕಡೆ ಗೇಮ್ ಬಾಯ್ ನೋಡಿದವರು ಕಡಿಮೆ. ನಾವು ನೋಡಿದ್ದು ‘9999 ಇನ್ 1’. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಜಾತ್ರೆಯ ಬಳೆ ಅಂಗಡಿಯ ಪಕ್ಕದಲ್ಲಿ, ಬಸ್‌ಸ್ಟ್ಯಾಂಡಿನ ತಳ್ಳುಗಾಡಿಯಲ್ಲಿ ತೂಗುಹಾಕಿರುತ್ತಿದ್ದ ಆ ಉದ್ದನೆಯ ಯಂತ್ರ. ಮೇಲೆ ಬ್ರಿಕ್ ಗೇಮ್ ಎಂಬ ಬರಹ, ಒಳಗೆ ಟೆಟ್ರಿಸ್. ಸುತ್ತ ಒಂದಿಷ್ಟು ಹಾವಿನಾಟ, ಕಾರಿನಾಟ, ಟ್ಯಾಂಕಿನಾಟ; ಅವನ್ನೇ ವೇಗ ಬದಲಿಸಿ, ಮಟ್ಟ ಬದಲಿಸಿ 9999 ಎಂದು ಎಣಿಸಿದ್ದರು. ಎಣಿಕೆ ಸುಳ್ಳು ಅಂತ ಎಲ್ಲರಿಗೂ ಗೊತ್ತಿತ್ತು, ಆದರೂ ನನ್ನದು 999, ನಿನ್ನದು 9999 ಎಂದು ಜಗಳವಾಡುತ್ತಿದ್ದೆವು. ಅದರ ಮೇಲೆ ಯಾವ ದೊಡ್ಡ ಕಂಪನಿಯ ಹೆಸರೂ ಇರುತ್ತಿರಲಿಲ್ಲ. ತೋಳದ ಆಟದ ಹಾಗೆ ಅದು ನಕಲು, ಖೋಟಾ ಅಲ್ಲ. ನಮ್ಮ ಪೀಳಿಗೆಗೆ ಅಸಲಿ ಬಾಲ್ಯ ಅಂತ ಇದ್ದದ್ದು ಅದೇ. ಇದನ್ನು ಹೇಳಿದರೆ ಇಲ್ಲಿನ ಸಂಗ್ರಹಕಾರ ಗೆಳೆಯರು ನಗುತ್ತಾರೆ. ನಗಲಿ.

ಖೋಟಾ ದೊಡ್ಡ ದಂಧೆಯಾದದ್ದು ಪೊಕೆಮಾನ್‌ನಿಂದ. 1996ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಮೊದಲ ಎರಡು ಆಟಗಳು ಬಂದವು, ಕೆಲವೇ ವರ್ಷಗಳಲ್ಲಿ ಜಗತ್ತಿನ ಮಕ್ಕಳೆಲ್ಲ ಅದರ ಹಿಂದೆ ಬಿದ್ದರು. ಆಗಿನ ಖೋಟಾದವರ ಧೈರ್ಯ ಎಷ್ಟಿತ್ತೆಂದರೆ, 2000ದಲ್ಲಿ ಜಪಾನಿನ ಸ್ಮೈಲ್‌ಸಾಫ್ಟ್ ತಂದ ಟೆಲಿಫ್ಯಾಂಗ್ ಎಂಬ ಬೇರೆಯೇ ಆಟವನ್ನು ತೆಗೆದುಕೊಂಡು, ಮುರುಕಲು ಇಂಗ್ಲಿಷಿಗೆ ತಂದು, ಪೊಕೆಮಾನ್ ಡೈಮಂಡ್, ಪೊಕೆಮಾನ್ ಜೇಡ್ ಎಂದು ಸ್ಟಿಕರ್ ಅಂಟಿಸಿ ಮಾರಿದರು. ನಿಜವಾದ ಪೊಕೆಮಾನ್ ಡೈಮಂಡ್ ಬಂದದ್ದು 2006ರಲ್ಲಿ. ಖೋಟಾ ಅಸಲಿಗಿಂತ ವರ್ಷಗಟ್ಟಲೆ ಮೊದಲೇ ಬಂದ ಉದಾಹರಣೆ ನನಗೆ ಗೊತ್ತಿರುವುದು ಇದೊಂದೇ.

ಪೊಕೆಮಾನ್ ಟೆಟ್ರಿಸ್‌ನಂತೆ ಹತ್ತು ನಿಮಿಷದ ಆಟವಲ್ಲ. ವಾರಗಟ್ಟಲೆ ಆಡಬೇಕು, ಪ್ರಾಣಿಗಳನ್ನು ಸಾಕಬೇಕು, ಹೆಸರಿಡಬೇಕು. ಆಡಿದ್ದು ಕಾರ್ಟ್ರಿಜ್‌ನಲ್ಲಿ ಉಳಿಯಬೇಕು. ಖೋಟಾ ಸೋಲುವ ಜಾಗ ಇದೇ. ಅಸಲಿ ಎಮರಾಲ್ಡ್ ನಮ್ಮ ಆಟವನ್ನು ಉಳಿಸುವುದು ಫ್ಲ್ಯಾಶ್ ಮೆಮೊರಿಯಲ್ಲಿ. ಅದಕ್ಕೆ ಕರೆಂಟು ಬೇಡ. ಒಳಗೆ ಸಿಆರ್1616 ಎಂಬ ಬಿಲ್ಲೆ ಬ್ಯಾಟರಿಯೂ ಇದೆ, ಆದರೆ ಅದರ ಕೆಲಸ ಗಡಿಯಾರ ನಡೆಸುವುದಷ್ಟೇ. ಖೋಟಾ ಮಾಡುವವರು ಖರ್ಚು ಉಳಿಸಲು ಫ್ಲ್ಯಾಶ್ ಬದಲು ಬ್ಯಾಟರಿ ಬೇಡುವ ಅಗ್ಗದ ಮೆಮೊರಿ ಹಾಕಿ, ಆಟದ ಕೋಡನ್ನು ಅದಕ್ಕೆ ತಕ್ಕಂತೆ ತಿದ್ದುವುದುಂಟು. ಬ್ಯಾಟರಿ ಸತ್ತ ದಿನ ಎಲ್ಲವೂ ಹೋಗುತ್ತದೆ.

ನನ್ನ ಸಹೋದ್ಯೋಗಿಯೊಬ್ಬರ ಹನ್ನೊಂದು ವರ್ಷದ ಮಗನಿಗೆ ಹೀಗೇ ಆಯಿತು. ಬೇಸಿಗೆ ರಜೆಯಲ್ಲಿ ಧಾರವಾಡದ ಅಜ್ಜಿ ಮನೆಯಲ್ಲಿ ಕೂತು ಅರವತ್ತು ತಾಸಿಗೂ ಹೆಚ್ಚು ಆಡಿದ್ದ. ಒಂದು ಬೆಳಿಗ್ಗೆ ಸ್ವಿಚ್ ಹಾಕಿದರೆ ಮೆನುವಿನಲ್ಲಿ ‘ಕಂಟಿನ್ಯೂ’ ಎಂಬ ಸಾಲೇ ಇಲ್ಲ, ‘ನ್ಯೂ ಗೇಮ್’ ಮಾತ್ರ. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲವಂತೆ. ಕಾರ್ಟ್ರಿಜ್ ನನ್ನ ಕೈಗೆ ಬಂದಾಗ ಮೂರು ಮೂಲೆಯ ಸ್ಕ್ರೂಡ್ರೈವರ್‌ನಿಂದ ಬಿಚ್ಚಿ ನೋಡಿದೆ: ಚಿಪ್ಪು ಇರಬೇಕಾದ ಜಾಗದಲ್ಲಿ ಕರಿ ಅಂಟಿನ ಒಂದು ಉಂಡೆ, ಅರೆಬರೆ ಬೆಸುಗೆ ಹಾಕಿದ ಬ್ಯಾಟರಿ.

ಕೊಳ್ಳುವ ಮೊದಲೇ ಇದನ್ನೆಲ್ಲ ಫೋಟೊದಲ್ಲಿ ಹಿಡಿಯಬೇಕು. ಖೋಟಾ ಮಾಡುವವನು ಕೊಳ್ಳುವವನ ಕಣ್ಣು ಎಲ್ಲಿ ಹೋಗುತ್ತದೋ ಅಲ್ಲಿ ಹಣ ಹಾಕುತ್ತಾನೆ. ಸ್ಟಿಕರಿನ ಚಿತ್ರ ಅಸಲಿಗಿಂತ ಮಿರುಗುತ್ತದೆ. ಕಣ್ಣು ಹೋಗದ ಕಡೆ ಉಳಿಸುತ್ತಾನೆ. ಆದ್ದರಿಂದ ಕೆಳಗಿನ ಅಂಚು. ಅಸಲಿ ಅಡ್ವಾನ್ಸ್ ಕಾರ್ಟ್ರಿಜ್‌ನ ಬಾಯಿಯೊಳಗೆ ನೋಡಿದರೆ ಚಿನ್ನದ ಬಣ್ಣದ ಸಂಪರ್ಕ ಪಟ್ಟಿಗಳ ಮೇಲ್ಗಡೆ ಬೋರ್ಡಿನಲ್ಲಿ ‘ನಿಂಟೆಂಡೊ’ ಎಂದು ಸಣ್ಣಗೆ ಅಚ್ಚಾಗಿರುತ್ತದೆ. ಖೋಟಾದಲ್ಲಿ ಆ ಜಾಗ ಸಾಮಾನ್ಯವಾಗಿ ಬೋಳು. ಸ್ಟಿಕರಿನ ಮೇಲೆ ಬೆಳಕು ಓರೆಯಾಗಿ ಬೀಳುವಂತೆ ಇನ್ನೊಂದು ಫೋಟೊ ಕೇಳಿ. ಅಸಲಿಯಲ್ಲಿ ಎರಡಂಕಿಯ ಒಂದು ಸಂಖ್ಯೆ, ಕೆಲವೊಮ್ಮೆ ಒಂದು ಅಕ್ಷರದ ಜೊತೆ, ಶಾಯಿಯಿಲ್ಲದೆ ಒತ್ತಿದ್ದು ಕಾಣುತ್ತದೆ. ಸ್ಟಿಕರಿನ ಸಂಕೇತವನ್ನೂ ಓದಿ: ಅಮೆರಿಕದ ಎಮರಾಲ್ಡ್‌ನದು ಎಜಿಬಿ-ಬಿಪಿಇಇ-ಯುಎಸ್‌ಎ. ಎಮರಾಲ್ಡ್‌ನ ಮೇಲೆ ರೂಬಿಯ ಎಎಕ್ಸ್‌ವಿಇ ಇದ್ದರೆ ಮುಂದಿನ ಮಾತೇ ಬೇಡ. ಹಸಿರು ಪ್ಲಾಸ್ಟಿಕ್ಕಿನ ಮೂಲಕ ಒಳಗಿನ ಬ್ಯಾಟರಿ ಮಂಕಾಗಿ ಕಾಣಬೇಕು.

‘ಒಳಗಿನ ಬ್ಯಾಟರಿ ಮುಗಿದಿದೆ’ ಎಂಬ ಸಂದೇಶ ಬಂದರೆ ಅಸಲಿ ಎಂದು ಕೆಲವರು ವಾದಿಸುತ್ತಾರೆ. ಅದು ಅರ್ಧ ಸತ್ಯ. ಇಪ್ಪತ್ತು ವರ್ಷ ಹಳೆಯ ಅಸಲಿಯಲ್ಲಿ ಅದು ಬರುವುದು ಸಹಜ, ಆದರೆ ಗಡಿಯಾರದ ಚಿಪ್ಪೇ ಇಲ್ಲದ ಖೋಟಾದಲ್ಲೂ ಅದೇ ಸಂದೇಶ ಬರುತ್ತದೆ. ಹಳೆಯ ಡಿಎಸ್ ಯಂತ್ರ ಇದ್ದವರಿಗೆ ಇನ್ನೊಂದು ದಾರಿಯಿದೆ. ಡೈಮಂಡ್ ಆಟದ ಪಾಲ್ ಪಾರ್ಕ್ ಎಂಬಲ್ಲಿಗೆ ಹಳೆಯ ಕಾರ್ಟ್ರಿಜ್‌ನಿಂದ ಪೊಕೆಮಾನ್‌ಗಳನ್ನು ಕಳಿಸಬಹುದು. ಹಲವು ಖೋಟಾಗಳು ಅಲ್ಲಿ ಸಿಕ್ಕಿಬೀಳುತ್ತವೆ. 2009ರ ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್‌ಗಳದ್ದು ಸುಲಭ: ಅಸಲಿ ಕಾರ್ಡಿನಲ್ಲಿ ಇನ್ಫ್ರಾರೆಡ್ ಕಿಂಡಿ ಇರುವುದರಿಂದ ಕಪ್ಪು ಪ್ಲಾಸ್ಟಿಕ್ಕು ಬಲವಾದ ಬೆಳಕಿಗೆ ಹಿಡಿದರೆ ಕಡುಗೆಂಪಾಗಿ ಕಾಣುತ್ತದೆ.

ಆದರೆ ನಾವು ನೋಡಲು ಕಲಿತದ್ದನ್ನೆಲ್ಲ ಅವರೂ ಕಲಿಯುತ್ತಾರೆ. ಒತ್ತಿದ ಸಂಖ್ಯೆ ಇರುವ ಖೋಟಾಗಳು ಈಗಾಗಲೇ ಬಂದಿವೆ. ಹಾಗಾಗಿ ಒಂದು ಗುರುತನ್ನೇ ನಂಬಿ ಕೂರಬೇಡಿ, ಮೂರು ನಾಲ್ಕು ಕೂಡಿಸಿ ನೋಡಿ. ಮಾರುವವರು ಕಂಪನಿಯ ಜಾಹೀರಾತಿನ ಚಿತ್ರವನ್ನೇ ಹಾಕಿದ್ದರೆ, ಕೇಳಿದ ಫೋಟೊ ಕೊಡದೆ ಸತಾಯಿಸಿದರೆ, ಒಬ್ಬರೇ ಹತ್ತು ಹೊಚ್ಚಹೊಸ ಎಮರಾಲ್ಡ್ ಇಟ್ಟುಕೊಂಡಿದ್ದರೆ ಬಿಟ್ಟುಬಿಡಿ. ‘ರೆಪ್ರೊ’ ಎಂದು ಬರೆದುಕೊಂಡೇ ಅಗ್ಗಕ್ಕೆ ಮಾರುವವರೂ ಇದ್ದಾರೆ. ಅದು ಕಾನೂನುಬದ್ಧ ಎಂದಲ್ಲ, ಆದರೆ ಕೊಳ್ಳುವವನಿಗೆ ಏನು ಸಿಗುತ್ತಿದೆ ಎನ್ನುವುದು ಗೊತ್ತಿರುತ್ತದೆ.

ನನ್ನ ಸಹೋದ್ಯೋಗಿಗೆ ಮಾರಿದವನು ದೂರು ಕೊಟ್ಟ ಮೂರನೇ ದಿನಕ್ಕೆ ದುಡ್ಡು ವಾಪಸು ಹಾಕಿದ, ಕಾರ್ಟ್ರಿಜ್ ಮಾತ್ರ ವಾಪಸು ಕೇಳಲಿಲ್ಲ. ಯಾರಿಗಾದರೂ ಕೊಟ್ಟುಬಿಡೋಣ ಎಂದು ಅವರು ಅಂದುಕೊಂಡಿದ್ದರು. ಹುಡುಗ ಬಿಡಲಿಲ್ಲ. ಅಳಿಸಲಾಗದ ಮಾರ್ಕರ್ ತಂದು, ಮಿರುಗುವ ಸ್ಟಿಕರಿನ ಮೇಲೆ ಅಡ್ಡಲಾಗಿ ‘ಖೋಟಾ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು, ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾನೆ.