ಫುಟ್‌ಬಾಲ್ ಮ್ಯಾನೇಜರ್ ಆಟದಲ್ಲಿ ತಂತ್ರವಿನ್ಯಾಸ

ಲಂಡನ್ನಿನ ಸ್ಪೋರ್ಟ್ಸ್ ಇಂಟರಾಕ್ಟಿವ್ ಸಂಸ್ಥೆ ರೂಪಿಸಿ ಸೆಗಾ ಪ್ರಕಟಿಸುವ ‘ಫುಟ್‌ಬಾಲ್ ಮ್ಯಾನೇಜರ್’ ಗಣಕ ಆಟದಲ್ಲಿ, ತಂಡ ಮೈದಾನದಲ್ಲಿ ಹೇಗೆ ಆಡಬೇಕೆಂಬುದನ್ನು ಮೊದಲೇ ನಿರ್ಧರಿಸುವ ಕ್ರಮ. ಸರಣಿಯ ಮೂಲ, ಕಾಲಿಯರ್ ಸೋದರರು 1992ರಲ್ಲಿ ಹೊರತಂದ ‘ಚಾಂಪಿಯನ್‌ಶಿಪ್ ಮ್ಯಾನೇಜರ್’. ಈಗಿನ ಹೆಸರಿನ ಮೊದಲ ಆವೃತ್ತಿ 2004ರಲ್ಲಿ ಬಂತು.

ವಿನ್ಯಾಸದ ಮೊದಲ ಹೆಜ್ಜೆ 4-4-2, 4-2-3-1ರಂಥ ವ್ಯೂಹದ ಆಯ್ಕೆ. ಬಳಿಕ ಪ್ರತಿ ಸ್ಥಾನಕ್ಕೂ ಪಾತ್ರ ಗೊತ್ತುಮಾಡಲಾಗುತ್ತದೆ. ಉದಾಹರಣೆಗೆ, ಅಂಚಿನ ಆಟಗಾರ ಗೆರೆಯ ಬದಿಯಲ್ಲೇ ಓಡಿ ಕ್ರಾಸ್ ನೀಡಬಹುದು ಅಥವಾ ಒಳನುಗ್ಗಿ ಗೋಲಿಗೆ ಹೊಡೆಯಬಹುದು. ಒಳನುಗ್ಗಿದಾಗ ತೆರವಾಗುವ ಅಂಚನ್ನು ಹಿಂದಿನ ಫುಲ್‌ಬ್ಯಾಕ್ ತುಂಬಬೇಕು. ಹೀಗೆ ಒಂದು ಪಾತ್ರ ಇನ್ನೊಂದಕ್ಕೆ ಪೂರಕವಾಗಿರುವುದೇ ಉತ್ತಮ ತಂತ್ರದ ತಿರುಳು.

ತಂಡದ ಒಟ್ಟು ಧೋರಣೆಯನ್ನು ಅತಿ ರಕ್ಷಣೆಯಿಂದ ಅತಿ ಆಕ್ರಮಣದವರೆಗಿನ ‘ಮೆಂಟಾಲಿಟಿ’ ನಿಯಂತ್ರಿಸುತ್ತದೆ. ಸೂಚನೆಗಳು ಮೂರು ಘಟ್ಟಗಳವು: ಚೆಂಡು ತಮ್ಮಲ್ಲಿರುವಾಗ, ಕೈಬದಲಾಗುವಾಗ ಮತ್ತು ಎದುರಾಳಿಯ ಬಳಿ ಇರುವಾಗ. ಪಾಸಿನ ಉದ್ದ, ಆಟದ ವೇಗ, ರಕ್ಷಣಾ ಸಾಲಿನ ಎತ್ತರ, ಒತ್ತಡದ ತೀವ್ರತೆ ಇವುಗಳಲ್ಲಿ ಸೇರಿವೆ. ರಕ್ಷಣಾ ಸಾಲು ಮುಂದಿದ್ದರೆ ಎದುರಾಳಿಗೆ ಆಡಲು ಜಾಗ ಕಡಿಮೆಯಾಗುತ್ತದೆ. ಆದರೆ ಸಾಲಿನ ಹಿಂದೆ ಬಯಲು ಉಳಿಯುವುದರಿಂದ ವೇಗದ ರಕ್ಷಕರು ಬೇಕಾಗುತ್ತಾರೆ.

ಆಟಗಾರರ ಗುಣಗಳನ್ನು 1ರಿಂದ 20ರ ಅಂಕಗಳಲ್ಲಿ ಅಳೆಯಲಾಗುತ್ತದೆ. ತಂತ್ರ ಆ ಗುಣಗಳಿಗೆ ಹೊಂದಬೇಕು. ತರಬೇತಿ ಮತ್ತು ಪಂದ್ಯಗಳ ಮೂಲಕ ತಂಡಕ್ಕೆ ತಂತ್ರ ಕ್ರಮೇಣ ರೂಢಿಯಾಗುವುದರಿಂದ ಪದೇಪದೇ ಬದಲಾವಣೆ ಹಾನಿಕರ. ‘ಫುಟ್‌ಬಾಲ್ ಮ್ಯಾನೇಜರ್ 26’ರಲ್ಲಿ ಚೆಂಡು ಇರುವಾಗ ಮತ್ತು ಇಲ್ಲದಿರುವಾಗ ಬೇರೆಬೇರೆ ವ್ಯೂಹ ರಚಿಸಬಹುದು.