ವಿಮೆಯಿಲ್ಲದ ಗಾಡಿ ಗುದ್ದಿದರೆ: ಒಂದು ಕಾಯಿದೆಯ ಅರ್ಧ ಚರಿತ್ರೆ

ಶುಕ್ರವಾರ ಗೊರವನಹಳ್ಳಿಯ ಮಹಾಲಕ್ಷ್ಮಿ ಗುಡಿಗೆ ಬರುವ ಗಾಡಿಗಳನ್ನು ಗಮನಿಸಿ. ಬೆಂಗಳೂರಿನ ಹೊಸ ಕಾರು, ಸರ್ಕಾರಿ ಬಸ್ಸು, ಹರಕೆಯವರನ್ನು ತುಂಬಿಕೊಂಡ ಟ್ರ್ಯಾಕ್ಟರ್, ಮೂವರು ಕೂತ ಹಳೆಯ ಬೈಕು. ಯಾವುದು ಗುದ್ದಿದರೂ ಕಾಲು ಮುರಿಯುವುದು ಒಂದೇ ಥರ. ಪರಿಹಾರ ಮಾತ್ರ ಗಾಡಿಗೊಂದು ಥರ. ಈ ವ್ಯತ್ಯಾಸಕ್ಕೆ ಒಂದು ಚರಿತ್ರೆಯಿದೆ.

ಮುಂಬಯಿ-ಠಾಣೆ ರೈಲು ಓಡಿದ್ದು 1853ರಲ್ಲಿ. ಎರಡೇ ವರ್ಷದಲ್ಲಿ, 1855ರಲ್ಲಿ, ಮಾರಕ ಅಪಘಾತಗಳ ಕಾಯಿದೆ ಬಂತು. ಇನ್ನೊಬ್ಬರ ತಪ್ಪಿನಿಂದ ಸತ್ತವನ ಹೆಂಡತಿ, ಮಕ್ಕಳು, ತಂದೆತಾಯಿ ಸಿವಿಲ್ ಕೋರ್ಟಿನಲ್ಲಿ ನಷ್ಟ ಕೇಳಬಹುದಾಯಿತು. ಆದರೆ ತಪ್ಪು ಮಾಡಿದವನ ಜೇಬು ಖಾಲಿಯಿದ್ದರೆ? ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು 1939ರ ಮೋಟಾರು ವಾಹನ ಕಾಯಿದೆಯ ಎಂಟನೇ ಅಧ್ಯಾಯ, ಅಂದರೆ ಕಡ್ಡಾಯ ವಿಮೆ. ಅದು ಜಾರಿಯಾಗಿದ್ದು 1946ರ ಜುಲೈ 1ರಂದು, ಬ್ರಿಟಿಷ್ ಇಂಡಿಯಾದಲ್ಲಿ. ಆಗ ಕೊರಟಗೆರೆ ಸೀಮೆ ಮೈಸೂರು ಸಂಸ್ಥಾನದಲ್ಲಿತ್ತು. (ವಿಮೆ ಸಂಸ್ಥಾನಕ್ಕೇನೂ ಹೊಸದಲ್ಲ. 1891ರಲ್ಲೇ ಸರ್ಕಾರಿ ನೌಕರರಿಗೆ ಜೀವವಿಮೆ ಶುರುಮಾಡಿದ್ದ ರಾಜ್ಯವಿದು. ಆ ಇಲಾಖೆ ಇಂದು ಸರ್ಕಾರಿ ವಾಹನಗಳಿಗೂ ವಿಮೆ ಮಾಡುತ್ತದೆ.)

ಕಡ್ಡಾಯ ವಿಮೆಯ ಕಲ್ಪನೆ ನಮಗೆ ಬಂದದ್ದು ಇಂಗ್ಲೆಂಡಿನ 1930ರ ರಸ್ತೆ ಸಂಚಾರ ಕಾಯಿದೆಯಿಂದ. ಕಡ್ಡಾಯ ಎಂದ ಮಾತ್ರಕ್ಕೆ ಎಲ್ಲರೂ ವಿಮೆ ಮಾಡಿಸುವುದಿಲ್ಲ ಎಂಬುದು ಇಂಗ್ಲಿಷರಿಗೆ ಅಷ್ಟರಲ್ಲಿ ಅರ್ಥವಾಗಿತ್ತು. ಅದೇ 1946ರಲ್ಲಿ ಅಲ್ಲಿನ ವಿಮಾ ಕಂಪನಿಗಳು ಸೇರಿ ಮೋಟಾರು ವಿಮಾದಾರರ ಬ್ಯೂರೋ ಕಟ್ಟಿದವು. ವಿಮೆಯಿಲ್ಲದವನು ಗುದ್ದಿದರೆ ಗಾಯಾಳುವಿಗೆ ಬ್ಯೂರೋ ಕೊಡುತ್ತದೆ. ಅಮೆರಿಕದಲ್ಲಿ 1950ರ ದಶಕದಲ್ಲಿ ಬೇರೆ ದಾರಿ ಕಂಡರು: ಎದುರಿನವನಿಗೆ ವಿಮೆಯಿಲ್ಲದಿದ್ದರೆ ನಿಮ್ಮದೇ ಪಾಲಿಸಿ ನಿಮಗೆ ಕೊಡುತ್ತದೆ. ನಾವು ಕಡ್ಡಾಯವನ್ನು ತಂದುಕೊಂಡೆವು, ಈ ಎರಡನೆಯ ಭಾಗವನ್ನು ಬಿಟ್ಟೆವು.

ಬಿಟ್ಟದ್ದನ್ನು ತುಂಬಲು ತೇಪೆಗಳು ಬಂದವು. 1956ರ ತಿದ್ದುಪಡಿ ಕ್ಲೇಮು ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. 1982ರಲ್ಲಿ ಗುದ್ದಿ ಓಡಿಹೋದ ಪ್ರಕರಣಗಳಿಗೆ ಒಂದು ನಿಧಿ ಬಂತು: ಸಾವಿಗೆ 5,000, ತೀವ್ರ ಗಾಯಕ್ಕೆ 1,000 ರೂಪಾಯಿ. 2022ರ ಏಪ್ರಿಲ್ 1ರಿಂದ ಅದು 2 ಲಕ್ಷ ಮತ್ತು 50,000. ಆದರೆ ಈ ಹಣ ಗಾಡಿ ಯಾರದೆಂದು ಪತ್ತೆಯಾಗದಿದ್ದರೆ ಮಾತ್ರ. ವಿಮೆಯಿಲ್ಲದ ಬೈಕಿನವನು ಗುದ್ದಿ, ಮನುಷ್ಯತ್ವದಿಂದ ನಿಂತು, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ ಹೆಸರು ಬರೆಸಿದ ಎನ್ನಿ. ಗಾಯಾಳುವಿಗೆ ಆ ನಿಧಿಯ ಬಾಗಿಲು ಮುಚ್ಚಿತು! ಅವನು ಓಡಿಹೋಗಿ ಗಾಡಿ ಪತ್ತೆಯಾಗದೇ ಹೋಗಿದ್ದರೆ, ತೀವ್ರ ಗಾಯಕ್ಕೆ 50,000 ಸಿಗಬಹುದಿತ್ತು. ಇದನ್ನು ಬರೀ ಕಾನೂನಿನ ಲೋಪ ಎನ್ನಲು ನನಗೆ ಮನಸ್ಸಾಗುವುದಿಲ್ಲ, ಇದು ಅನ್ಯಾಯ.

ಹಾಗಾದರೆ ಅವನಿಗೆ ಉಳಿದದ್ದೇನು? ಮಾಲೀಕನ ಮೇಲೆ ಎಂ.ವಿ.ಸಿ. ದಾವೆ. ತಾನು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ತೀರ್ಪಿನ ಹಣ ಬಾರದಿದ್ದರೆ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಹೋಗುತ್ತದೆ, ಅವರು ಭೂಕಂದಾಯ ಬಾಕಿಯಂತೆ ವಸೂಲು ಮಾಡಬೇಕು. ಪಾವಗಡ, ಮಧುಗಿರಿಯ ಮಳೆಯಾಶ್ರಿತ ಎರಡೆಕರೆಯಿಂದ ಎಷ್ಟು ವಸೂಲಾದೀತು? ವಿಮೆಯಿಲ್ಲದ ಗಾಡಿಯನ್ನು ಭದ್ರತೆಯಿಲ್ಲದೆ ಬಿಡಬಾರದು, ಮೂರು ತಿಂಗಳ ನಂತರ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕು ಎಂಬ ದೆಹಲಿಯ ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯದೇ. ಹದಿನೈದು ವರ್ಷ ಹಳೆಯ ಬೈಕಿನ ಹರಾಜಿನಿಂದ ಬರುವುದೆಷ್ಟು ಎಂಬುದು ಬೇರೆ ಮಾತು.

ಗಾಯಾಳುವಿನ ಸ್ವಂತ ಪಾಲಿಸಿಯಲ್ಲಿ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರಬಹುದು. ಅದು ಮಾಲೀಕನೇ ಗಾಡಿ ಓಡಿಸುತ್ತಿದ್ದಾಗ, ಸಾವು ಅಥವಾ ಶಾಶ್ವತ ಅಂಗನಷ್ಟವಾದರೆ ಮಾತ್ರ. ಮುರಿದು ಕೂಡಿಕೊಂಡ ಮೂಳೆಗೆ ಅಲ್ಲ, ರಸ್ತೆಬದಿಯಲ್ಲಿ ನಡೆದು ಬರುತ್ತಿದ್ದ ಕೂಲಿಯವಳಿಗಂತೂ ಅಲ್ಲವೇ ಅಲ್ಲ. ಅವಳಿಗೆ ಈಗ ಒದಗುವುದು 2025ರ ಮೇ ತಿಂಗಳಲ್ಲಿ ಬಂದ ನಗದುರಹಿತ ಚಿಕಿತ್ಸಾ ಯೋಜನೆ. ಅಪಘಾತದಿಂದ ಏಳು ದಿನ, ಒಂದೂವರೆ ಲಕ್ಷದವರೆಗೆ, ಗುದ್ದಿದ ಗಾಡಿಗೆ ವಿಮೆ ಇರಲಿ ಇಲ್ಲದಿರಲಿ. 1946ರಲ್ಲಿ ಬಿಟ್ಟ ಭಾಗದಲ್ಲಿ ಆಸ್ಪತ್ರೆಯ ಪಾಲಾದರೂ ಹೀಗೆ ಬಂತು. ಎಂಟನೇ ದಿನದ ಖರ್ಚು, ದುಡಿಮೆಯಿಲ್ಲದ ಆರು ತಿಂಗಳು ಇನ್ನೂ ಮಾಲೀಕನ ಜೇಬನ್ನೇ ಕಾಯುತ್ತವೆ.

ಇನ್ನು ಮೊದಲು ಕಂಡ ಸಾಲಿನ ಎರಡು ಗಾಡಿಗಳು. ಕೆ.ಎಸ್.ಆರ್.ಟಿ.ಸಿ. ಬಸ್ಸಿಗೆ ಹೊರಗಿನ ವಿಮೆ ಇಲ್ಲದಿದ್ದರೂ ಭಯವಿಲ್ಲ, ನಿಗಮದ್ದೇ ಆಂತರಿಕ ವಿಮಾ ನಿಧಿಯಿದೆ. ಟ್ರ್ಯಾಕ್ಟರಿನದು ತದ್ವಿರುದ್ಧ. ಅದಕ್ಕೆ ವಿಮೆ ಇರುತ್ತದೆ, ಟ್ರೇಲರಿನಲ್ಲಿ ಕೂತವರಿಗೆ ಇರುವುದಿಲ್ಲ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರ ಹೊಣೆ ವಿಮಾ ಕಂಪನಿಯದಲ್ಲ ಎಂದು ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಪಾಲಿಸಿಯ ಕಾಗದ ಡ್ರೈವರಿನ ಜೇಬಿನಲ್ಲೇ ಇರುತ್ತದೆ, ಹಿಂದೆ ಕೂತ ಇಪ್ಪತ್ತು ಜನರಿಗೆ ಅದು ತಮ್ಮನ್ನು ಕುರಿತದ್ದಲ್ಲವೆಂದು ಯಾರೂ ಹೇಳಿರುವುದಿಲ್ಲ.